ನಾಲ್ಕು ಕಾಳಿನ ಕಾಯಿ, ಮೆಂಡೆಲರ 3:1 ಲೆಕ್ಕ ಮತ್ತು ನಮ್ಮ ತೊಗರಿ

ಪ್ರಶ್ನೆ: ವಿಜ್ಞಾನ ಶಿಕ್ಷಕ, ಆಳಂದ ತಾಲ್ಲೂಕು

ಗ್ರೆಗರ್ ಮೆಂಡೆಲರ ಬಟಾಣಿ ಪ್ರಯೋಗವನ್ನು ಪಾಠ ಮಾಡುತ್ತ, ಎರಡನೆಯ ಪೀಳಿಗೆಯಲ್ಲಿ ದುಂಡು ಮತ್ತು ಸುಕ್ಕು ಕಾಳುಗಳು 3:1ರ ಪ್ರಮಾಣದಲ್ಲಿ ಬರುತ್ತವೆ ಎಂದೆ. ಆಗ ವಿದ್ಯಾರ್ಥಿನಿಯೊಬ್ಬಳು, "ಹಂಗಾದ್ರ ನಾಕು ಕಾಳಿನ ಕಾಯಿ ಸುಲದ್ರ ಮೂರು ದುಂಡು, ಒಂದು ಸುಕ್ಕು ಇರಬೇಕಲ್ರೀ ಸರ್?" ಎಂದಳು. ಹಾಗಲ್ಲ ಎಂದು ಹೇಳಿದೆನಾದರೂ ಅವಳಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಮೆಂಡೆಲರು ಎಣಿಸಿದ ಅಂಕಿಗಳು ನಿಜಕ್ಕೂ ಹೇಗಿದ್ದವು? ಇದೇ ಪ್ರಯೋಗವನ್ನು ನಮ್ಮ ಶಾಲೆಯ ಸುತ್ತಲಿನ ತೊಗರಿಯಲ್ಲಿ ಮಾಡಿ ತೋರಿಸಬಹುದೇ?

ಉತ್ತರ: ಸಸ್ಯತಳಿ ಶಾಸ್ತ್ರದ ವಿದ್ಯಾರ್ಥಿನಿ, ಕಲಬುರಗಿ

ಸರ್, ಹುಡುಗಿಯ ಪ್ರಶ್ನೆಗೆ ಮೆಂಡೆಲರ ಪ್ರಬಂಧದಲ್ಲಿಯೇ ಉತ್ತರವಿದೆ. ದುಂಡು ಮತ್ತು ಸುಕ್ಕು ಕಾಳಿನ ತಳಿಗಳನ್ನು ಬೆರಕೆ ಮಾಡಿ ಬೆಳೆಸಿದ 253 ಮಿಶ್ರ ತಳಿ ಗಿಡಗಳಿಂದ ಅವರು 7324 ಕಾಳು ಪಡೆದರು. ಅವುಗಳಲ್ಲಿ 5474 ದುಂಡು, 1850 ಸುಕ್ಕು, ಅಂದರೆ 2.96:1. ಆದರೆ ಗಿಡಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಒಂದರಲ್ಲಿ 43 ದುಂಡು ಕಾಳಿಗೆ ಎರಡೇ ಸುಕ್ಕು ಕಾಳುಗಳಿದ್ದರೆ, ಇನ್ನೊಂದರಲ್ಲಿ 14 ದುಂಡು, 15 ಸುಕ್ಕು ಇದ್ದವು. ಆಕಾರವನ್ನು ನಿರ್ಧರಿಸುವ ಅಂಶಗಳನ್ನು ಪ್ರತಿ ಕಾಳೂ ತಾಯಿಯಿಂದ ಒಂದು, ತಂದೆಯಿಂದ ಒಂದರಂತೆ, ಪಕ್ಕದ ಕಾಳಿನ ಗೊಡವೆಯಿಲ್ಲದೆ ಪಡೆಯುತ್ತದೆ. ಆದ್ದರಿಂದ ಒಂದೇ ಕಾಯಿಯಲ್ಲಿ ನಾಲ್ಕೂ ದುಂಡಾಗಿರಬಹುದು. ಲೆಕ್ಕ ನಿಲ್ಲುವುದು ಸಾವಿರಾರು ಕಾಳುಗಳನ್ನು ಎಣಿಸಿದಾಗ ಮಾತ್ರ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ ಎಂಬುದು ನನಗೆ ಹೆಚ್ಚಿನದಾಗಿ ತೋರುತ್ತದೆ. ದುಂಡು ಕಾಳುಗಳನ್ನೇ ಬಿತ್ತಿ 565 ಗಿಡ ಬೆಳೆಸಿದಾಗ, 193 ಗಿಡಗಳು ದುಂಡು ಕಾಳನ್ನಷ್ಟೇ ಕೊಟ್ಟವು. 372 ಗಿಡಗಳಲ್ಲಿ ಸುಕ್ಕು ಮತ್ತೆ ಕಾಣಿಸಿತು. ಹೊರಗೆ ಒಂದೇ ತೆರನಾದ ಕಾಳುಗಳ ಒಳಗೆ ಎರಡು ಬಗೆಯಿದ್ದದ್ದು ಹೀಗೆ ಹೊರಬಿತ್ತು.

ರೈತ ಕುಟುಂಬದಲ್ಲಿ 1822ರಲ್ಲಿ ಹುಟ್ಟಿ, 1843ರಲ್ಲಿ ಬ್ರನೊ ನಗರದ ಮಠ ಸೇರಿದ್ದ ಅವರು, ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದರು (ಇದನ್ನೂ ಮಕ್ಕಳಿಗೆ ಹೇಳಿ). ವಿಯೆನ್ನಾದಲ್ಲಿ ಭೌತಶಾಸ್ತ್ರ, ಸಸ್ಯಶಾಸ್ತ್ರ ಓದಿ ಬಂದು, 1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿ ಬೆಳೆದರು. 1866ರಲ್ಲಿ ಅಚ್ಚಾದ ಪ್ರಬಂಧದ ಮಹತ್ವ ವಿಜ್ಞಾನಿಗಳಿಗೆ ತಿಳಿದದ್ದು 1900ರಲ್ಲಿ. ಅವರು 1884ರಲ್ಲಿಯೇ ತೀರಿಕೊಂಡಿದ್ದರು.

ಉತ್ತರ: ತೊಗರಿ ಬೆಳೆಗಾರ, ಚಿತ್ತಾಪುರ

ತೊಗರಿಯ ವಿಷಯ ನಾನು ಹೇಳುತ್ತೇನೆ. ಬಿಳಿ ತೊಗರಿಯ ಬೀಜವನ್ನು ಮನೆಯಲ್ಲಿಯೇ ಆರಿಸಿ, ಒಂದು ಕೆಂಪು ಕಾಳೂ ಇಲ್ಲದಂತೆ ಹಸನು ಮಾಡಿ ಬಿತ್ತಿದ್ದೆ. ರಾಶಿಯ ಹೊತ್ತಿಗೆ ನೋಡಿದರೆ ಅಲ್ಲಲ್ಲಿ ಕೆಲವು ಗಿಡಗಳ ತುಂಬ ಕೆಂಪು ಕಾಳು. ಹಿಂದಿನ ವರ್ಷ ಬದುವಿನ ಆಚೆಯ ಹೊಲದಲ್ಲಿ ಕೆಂಪು ತೊಗರಿಯಿತ್ತು. ಕಲಬೆರಕೆಯಾಗಿದ್ದರೆ ಅದು ಬಿತ್ತುವ ಬೀಜದಲ್ಲಿಯೇ ಏಕೆ ಕಾಣಲಿಲ್ಲ?

ಉತ್ತರ: ಅದೇ ವಿದ್ಯಾರ್ಥಿನಿ

ಅಣ್ಣಾ, ಕಾಳಿನ ಸಿಪ್ಪೆ ತಾಯಿ ಗಿಡದ ಭಾಗ. ಜೇನ್ನೊಣ ಕೆಂಪು ತೊಗರಿಯ ಪರಾಗವನ್ನು ತಂದು ನಿಮ್ಮ ಬಿಳಿ ತೊಗರಿಯ ಹೂವಿಗೆ ಮುಟ್ಟಿಸಿದರೂ, ಆ ವರ್ಷದ ಕಾಳಿನ ಸಿಪ್ಪೆ ಬಿಳಿಯಾಗಿಯೇ ಇರುತ್ತದೆ. ಬೆರಕೆ ಒಳಗೆ ಅಡಗಿರುತ್ತದೆ. ಅದನ್ನು ಬಿತ್ತಿದಾಗ ಹುಟ್ಟುವ ಗಿಡವೇ ಮಿಶ್ರ ತಳಿಯದು, ಕೆಂಪು ಬಣ್ಣ ಪ್ರಬಲವಾದುದರಿಂದ (ಬಿಳಿಯ ಜೊತೆ ಸೇರಿದಾಗ ಕೆಂಪೇ ಹೊರಗೆ ಕಾಣುವುದರಿಂದ) ಅದರ ಕಾಳೆಲ್ಲ ಕೆಂಪಾಗುತ್ತವೆ. ಬಟಾಣಿಯ ದುಂಡು-ಸುಕ್ಕು ಹಾಗಲ್ಲ. ಅದು ಸಿಪ್ಪೆಯೊಳಗಿನ ಬೇಳೆಯ ಗುಣ, ಆದ್ದರಿಂದ ಬೆರಕೆ ಮಾಡಿದ ವರ್ಷದ ಕಾಯಿಯಲ್ಲಿಯೇ ಕಾಣುತ್ತದೆ.

ಶಾಲೆಗೆ ತೊಗರಿ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಬಟಾಣಿಯ ಹೂವು ಅರಳುವ ಮೊದಲೇ ತನ್ನ ಪರಾಗವನ್ನು ತಾನೇ ಪಡೆದಿರುತ್ತದೆ. ತೊಗರಿ ಹೂವಿಗೆ ಜೇನ್ನೊಣ ತಪ್ಪದು, ರೆಂಬೆಗೆ ಸೊಳ್ಳೆಪರದೆಯ ಚೀಲ ಕಟ್ಟದಿದ್ದರೆ ತಂದೆ ಯಾರೆಂದು ಹೇಳಲಾಗದು.

ಪ್ರಶ್ನೆ ಕೇಳಿದವರು

ಹಾಗಾದರೆ ಹಿಂಗಾರಿನಲ್ಲಿ ಬಟಾಣಿಯನ್ನೇ ಹಾಕುತ್ತೇವೆ. ಸುಕ್ಕು ಕಾಳಿನ ಬೀಜ ಎಲ್ಲಿ ಹುಡುಕಲಿ?

ಉತ್ತರ: ಅದೇ ವಿದ್ಯಾರ್ಥಿನಿ

ತರಕಾರಿಗೆ ಬೆಳೆಯುವ ಆರ್ಕೆಲ್ ತಳಿಯ ಬೀಜ ಕೇಳಿ. ಅದರ ಹಸಿ ಕಾಳಿನಲ್ಲಿ ಸಕ್ಕರೆ ಮತ್ತು ನೀರು ಹೆಚ್ಚು, ಒಣಗಿದಾಗ ಸುಕ್ಕಾಗುತ್ತದೆ. ಕಿರಾಣಿ ಅಂಗಡಿಯ ಬಿಳಿ ಒಣ ಬಟಾಣಿ ದುಂಡಾಗಿರುತ್ತದೆ. ಮೊಗ್ಗು ಬಲಿಯುವ ಮೊದಲೇ ಬಿಡಿಸಿ, ಹತ್ತೂ ಕೇಸರಗಳನ್ನು ಚಿಮಟದಿಂದ ಕಿತ್ತು, ಇನ್ನೊಂದು ತಳಿಯ ಪರಾಗ ಸವರಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿಸಿ. ಮೊದಲ ಸಲಕ್ಕೆ ಅನೇಕ ಮೊಗ್ಗುಗಳು ಉದುರುತ್ತವೆ, ಮೂವತ್ತಾದರೂ ಮೊಗ್ಗುಗಳಿಗೆ ಮಾಡಿಸಿ.