ಊರಮನೆಯೋ ರೆಸಾರ್ಟೋ: ಮೇ ತಿಂಗಳ ಕುಟುಂಬ ಕೂಟ ಮತ್ತು ಕೈಯಾರೆ ಕಟ್ಟುವ ತೋರಣ

ಜಂಬಗಾರು ಮೊಮ್ಮಗ:
ಸಾಗರ ತಾಲ್ಲೂಕಿನ ನಮ್ಮ ಊರಮನೆಯಲ್ಲಿ ಬರುವ ಮೇ ತಿಂಗಳ ಎರಡನೇ ಶನಿವಾರ ಮತ್ತು ಭಾನುವಾರ ಕುಟುಂಬದವರೆಲ್ಲ ಸೇರಬೇಕೆಂಬ ಮಾತಾಗಿದೆ. ಅಜ್ಜಿಗೆ 81 ತುಂಬುತ್ತಿರುವುದರಿಂದ ಸಹಸ್ರಚಂದ್ರ ದರ್ಶನದ ಶಾಂತಿಯನ್ನು ಸಣ್ಣದಾಗಿ ಮಾಡಿಸಿ, ಉಳಿದ ಹೊತ್ತನ್ನು ಮಕ್ಕಳು ಮೊಮ್ಮಕ್ಕಳು ಅವರ ಜೊತೆ ಕಳೆಯುವುದು ಮೂಲ ಯೋಚನೆ. ಒಟ್ಟು 42 ಜನ. ದೊಡ್ಡಪ್ಪನ ಮಗ ಸಕಲೇಶಪುರದ ಕಡೆ ಒಂದು ರೆಸಾರ್ಟ್ ನೋಡಿಟ್ಟಿದ್ದಾನೆ. ತಲೆಗೆ 3,500 ರೂಪಾಯಿ, ಅದರಲ್ಲೇ ಊಟ, ವಸತಿ, ಬಲೂನಿನ ಕಮಾನು ಎಲ್ಲವೂ ಸೇರಿದೆ. ನನಗೆ ಇದು ಒಪ್ಪಿಗೆಯಿಲ್ಲ. ಅಜ್ಜಿ ಅರವತ್ತು ವರ್ಷ ಗುಡಿಸಿದ ಅಂಗಳದಲ್ಲೇ ಚಪ್ಪರ ಹಾಕಿ, ಮಾವಿನ ಎಲೆ, ತೆಂಗಿನ ಗರಿ, ಸಿಂಗಾರ ಎನ್ನುವ ಅಡಿಕೆಯ ಹೂಗೊನೆ ಹಾಗೂ ಬಣ್ಣದ ಕಾಗದಗಳಿಂದ ನಾವೇ ಅಲಂಕಾರ ಮಾಡಬೇಕು, ಭಾನುವಾರ ಬೆಳಿಗ್ಗೆ ಎಲ್ಲರೂ ಜೋಗಕ್ಕೆ ಹೋಗಿಬರಬೇಕು ಎಂಬುದು ನನ್ನ ವಾದ. ಅಜ್ಜಿಯನ್ನು ಕೂರಿಸುವ ಜಾಗದ ಹಿಂದೆ ಮಲೆನಾಡಿನ ಗೋಡೆ ಚಿತ್ರವಾದ ಹಸೆ ಚಿತ್ತಾರದ ಮಾದರಿಯನ್ನು ದೊಡ್ಡ ಫ್ಲೆಕ್ಸಿನಲ್ಲಿ ಮುದ್ರಿಸಿ ಹಾಕುವ ಆಲೋಚನೆಯೂ ಇದೆ. ಇಂತಹ ಕೂಟಗಳನ್ನು ನಡೆಸಿ ಅನುಭವವಿರುವವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಲೆಕ್ಕದ ಮನುಷ್ಯ:
ನಿಮ್ಮ ಅಣ್ಣನ ಪರವಾಗಿ ಒಬ್ಬನಾದರೂ ಮಾತಾಡಬೇಕು. 42 ಜನಕ್ಕೆ 1,47,000 ರೂಪಾಯಿ ಎಂಬುದು ಕೇಳಲು ದೊಡ್ಡ ಮೊತ್ತವೇ. ಆದರೆ ಊರಮನೆಯ ಖರ್ಚನ್ನು ಯಾರೂ ಪ್ರಾಮಾಣಿಕವಾಗಿ ಬರೆದಿಡುವುದಿಲ್ಲ ಎಂಬ ಕಾರಣಕ್ಕೆ ಆ ಖರ್ಚು ಕಡಿಮೆ ಎನಿಸುತ್ತದೆ. ಚಪ್ಪರ, ಪಾತ್ರೆ ಬಾಡಿಗೆ, ಗ್ಯಾಸ್, ಹಾಸಿಗೆ, ಜನರೇಟರ್, ಪುರೋಹಿತರ ದಕ್ಷಿಣೆ ಸೇರಿಸಿ ನೋಡಿ. ಇನ್ನೊಂದು ವಿಷಯವನ್ನು ಮಲೆನಾಡಿನವರಾದ ನೀವೇ ಮರೆತಿದ್ದೀರಿ. ಮೇ ತಿಂಗಳಿನಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರಿರುತ್ತದೆ? ಮೂರು ವರ್ಷದ ಹಿಂದೆ ನಮ್ಮ ಮಾವನ ಮನೆಯಲ್ಲಿ ಹೀಗೆಯೇ ಸೇರಿದ್ದೆವು; ಗುಡ್ಡದಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿದ್ದ ಅಬ್ಬಿ ನೀರು ಏಪ್ರಿಲ್‌ನಲ್ಲಿಯೇ ನಿಂತಿತ್ತು, ಶನಿವಾರ ಮಧ್ಯಾಹ್ನಕ್ಕೆ ಬಾವಿಯ ಪಂಪು ಕೆಸರು ಎತ್ತತೊಡಗಿತು. ಮೂವತ್ತೈದು ಜನ ಎರಡು ಪಾಯಿಖಾನೆಗಳ ಮುಂದೆ ಕೊಡಪಾನ ಹಿಡಿದು ನಿಂತ ಆ ದೃಶ್ಯದ ಹಿಂದೆ ಅತ್ಯಂತ ಸುಂದರವಾದ ಮಾವಿನ ತೋರಣವಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ತೋಟದ ಸೊಸೆ:
ನೀರಿನ ಮಾತು ಸರಿ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮೊಮ್ಮಗನವರೇ, "ನಾವೇ ಅಲಂಕಾರ ಮಾಡಬೇಕು" ಎಂದು ಬರೆದಿದ್ದೀರಿ. ಆ "ನಾವು" ಯಾರು? ನಾನು ಇಂತಹ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಯಿತು. ಗಂಡಸರು ಜಗಲಿಯಲ್ಲಿ ಕುಳಿತು ಹರಟೆ ಹೊಡೆಯುತ್ತಾ ಎಲೆ ಮಡಚುತ್ತಾರೆ, ಮಕ್ಕಳು ಕಾಗದ ಕತ್ತರಿಸುತ್ತಾರೆ, ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಾರೆ. ಅಷ್ಟು ಹೊತ್ತೂ ಒಳಗೆ ನಾವು ನಾಲ್ಕು ಜನ ಹೊಗೆಯಲ್ಲಿ ನಿಂತು ನಲವತ್ತು ಎಲೆಗಾಗುವಷ್ಟು ಪಲ್ಯಕ್ಕೆ ಹಲಸಿನ ಗುಜ್ಜೆ ಹೆಚ್ಚುತ್ತಿರುತ್ತೇವೆ. ಗುಜ್ಜೆಯ ಮೇಣ ಕೈಗೆ ಹತ್ತಿದರೆ ಎಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ಎರಡು ದಿನ ಹೋಗುವುದಿಲ್ಲ. ಕಳೆದ ಸಲದ ಕೂಟದ ಫೋಟೊಗಳಲ್ಲಿ ನಾನು ಒಂದರಲ್ಲಿ ಮಾತ್ರ ಇದ್ದೇನೆ, ಅದರಲ್ಲಿಯೂ ಸಾರಿನ ಪಾತ್ರೆ ಹಿಡಿದುಕೊಂಡು ಬಾಗಿದ್ದೇನೆ. ರೆಸಾರ್ಟ್ ನನಗೆ ಇಷ್ಟವೆಂದಲ್ಲ, ಅಲ್ಲಿಯ ಸಾರು ಬಾಯಿಗೆ ಹಾಕುವ ಹಾಗಿರುವುದಿಲ್ಲ. ಆದರೆ ಅಲ್ಲಿ ಕುಳಿತು ಉಣ್ಣುವವರ ಸಾಲಿನಲ್ಲಿ ನಾನೂ ಇರುತ್ತೇನೆ.

ಜಂಬಗಾರು ಮೊಮ್ಮಗ:
ನಿಮ್ಮ ಮಾತು ನಾಟಿತು. ನಮ್ಮ ಮನೆಯಲ್ಲಿ ಹಾಗಿಲ್ಲ ಎಂದು ಬರೆಯಲು ಹೊರಟು, ಹಿಂದಿನ ಕೂಟದ ಫೋಟೊಗಳನ್ನು ತೆರೆದು ನೋಡಿ ಕೈ ಹಿಂದೆಗೆದೆ. ಸೀಮೆ ಬಿಟ್ಟು ಬೇರೆಡೆ ನೆಲೆಸಿರುವ ನನ್ನಂಥವರಿಗೆ ಊರಮನೆಯೆಂದರೆ ಜಗಲಿಯೇ ಹೊರತು ಅಡುಗೆಮನೆಯಲ್ಲ ಎಂಬುದು ಇಷ್ಟು ವರ್ಷ ಹೊಳೆಯದೇ ಇದ್ದದ್ದು ನನ್ನದೇ ಲೋಪ. ಅಡುಗೆಯನ್ನು ಊರಿನ ಅಡುಗೆ ಭಟ್ಟರಿಗೆ ಒಪ್ಪಿಸಿದರೆ, ಅಲಂಕಾರಕ್ಕೆ ಮಾತ್ರ ಎಲ್ಲರೂ ಕೂರಬಹುದಲ್ಲವೇ?

ತೋಟದ ಸೊಸೆ:
ಭಟ್ಟರ ಜೊತೆಗೆ ಬಡಿಸುವವರನ್ನೂ ಪಾತ್ರೆ ತೊಳೆಯುವವರನ್ನೂ ಹೇಳಿದರೆ ಮಾತ್ರ ಆ ಮಾತಿಗೆ ಅರ್ಥವಿದೆ. ಇಲ್ಲದಿದ್ದರೆ ಭಟ್ಟರಿಗೆ ಕಾಯಿ ತುರಿದು ಕೊಡುವುದೂ ನಮ್ಮ ಪಾಲಿಗೇ ಬರುತ್ತದೆ.

ಹಸೆಗೋಡೆ:
ಸಾಗರದ ಹತ್ತಿರದ ದೀವರ ಸಮುದಾಯದ ಮನೆಯಿಂದ ಬಂದವಳಾಗಿ ಫ್ಲೆಕ್ಸಿನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಚಿತ್ತಾರ ನಮ್ಮ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇಟ್ಟುಕೊಂಡು, ಪುಂಡಿ ನಾರನ್ನು ಜಜ್ಜಿ ಮಾಡಿದ ಕುಂಚದಲ್ಲಿ ಒಂದೊಂದೇ ಗೆರೆಯಾಗಿ ಎಳೆಯುವ ಕೆಲಸ. ಮದುವೆಯ ಹಸೆಗೋಡೆಗೂ ಭೂಮಿ ಹುಣ್ಣಿಮೆಯಂದು ಗದ್ದೆಗೆ ಚರಗ (ಭೂಮಿಗೆ ಅರ್ಪಿಸುವ ಅಡುಗೆ) ಒಯ್ಯುವ ಭೂಮಣ್ಣಿ ಬುಟ್ಟಿಗೂ ಅದು ಸಲ್ಲುತ್ತದೆ. ನನ್ನಮ್ಮ ಬುಟ್ಟಿ ಬರೆಯುವಾಗ ಉಸಿರು ಬಿಗಿಹಿಡಿದು ಗೆರೆ ಎಳೆದು, ಗೆರೆ ಮುಗಿದ ಮೇಲೆಯೇ ಉಸಿರು ಬಿಡುತ್ತಿದ್ದಳು. ನಡುವೆ ಮಾತಾಡಿಸಿದರೆ ಬೈಗುಳ ಖಂಡಿತ. ಅಂತಹದ್ದನ್ನು ಅಂತರಜಾಲದಿಂದ ಇಳಿಸಿ ಪ್ಲಾಸ್ಟಿಕ್ಕಿನ ಮೇಲೆ ಮುದ್ರಿಸಿ, ಎರಡು ದಿನದ ನಂತರ ಹಟ್ಟಿಯ ಮಾಡಿಗೆ ಹೊದೆಸುವುದನ್ನು ನೆನೆದರೆ ಬೇಸರವಾಗುತ್ತದೆ. ಅದೂ ಅಲ್ಲದೆ, 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್, ಬ್ಯಾನರು, ಬಂಟಿಂಗ್‌ಗಳೂ ಸೇರಿವೆ. ನಿಮಗೆ ಚಿತ್ತಾರವೇ ಬೇಕೆಂದಿದ್ದರೆ ಬರೆಯಬಲ್ಲವರನ್ನು ಕರೆಸಿ, ಕೂಲಿ ಕೊಟ್ಟು, ಒಂದು ಬಟ್ಟೆಯ ಮೇಲೋ ಬುಟ್ಟಿಯ ಮೇಲೋ ಬರೆಸಿ. ಅದು ಅಜ್ಜಿಯ ಕೋಣೆಯಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ.

ಲೆಕ್ಕದ ಮನುಷ್ಯ:
ಇದಕ್ಕೆ ನನ್ನ ವಿರೋಧವಿಲ್ಲ. ಆದರೆ "ಕೈಯಾರೆ ಮಾಡಿದ ಅಲಂಕಾರ" ಎನ್ನುತ್ತಾ ಕೊನೆಗೆ ಬೇರೆಯವರ ಕೈಯನ್ನೇ ಬಾಡಿಗೆಗೆ ಪಡೆಯುತ್ತಿದ್ದೇವೆ ಎಂಬುದನ್ನು ಗಮನಿಸಬೇಕು.

ಹಸೆಗೋಡೆ:
ಹೌದು, ಪಡೆಯಿರಿ. ಸಾಗರ, ಸೊರಬದ ಗುಡಿಗಾರರು ಬೆಂಡಿನಲ್ಲಿ ಕೊರೆದು ಕಟ್ಟುವ ಬಾಸಿಂಗವನ್ನು ಯಾವ ಮದುವೆ ಮನೆಯವರೂ ತಾವೇ ಮಾಡಿಕೊಳ್ಳುವುದಿಲ್ಲ. ಬಲ್ಲವರಿಂದ ಮಾಡಿಸುವುದು ಒಂದು, ನಮಗೆ ಬರುವಷ್ಟನ್ನು ನಾವು ಮಾಡುವುದು ಇನ್ನೊಂದು. ಎರಡಕ್ಕೂ ಚಪ್ಪರದಲ್ಲಿ ಜಾಗವಿದೆ.

ಕಾಡಂಚಿನ ಶುಶ್ರೂಷಕಿ:
ಚರ್ಚೆ ಚೆನ್ನಾಗಿದೆ, ಆದರೆ ಎಲೆ ಎಲ್ಲಿಂದ ತರುತ್ತೀರಿ ಎಂದು ಯಾರೂ ಕೇಳಿಲ್ಲ. ಬೆಂಗಳೂರಿನಿಂದ ಬಂದ ಮಕ್ಕಳನ್ನು "ಕಾಡಿಗೆ ಹೋಗಿ ಸೊಪ್ಪು ತನ್ನಿ" ಎಂದು ಕಳಿಸುವ ಉತ್ಸಾಹ ಇಂತಹ ಕೂಟಗಳಲ್ಲಿ ಸಾಮಾನ್ಯ. ಮಂಗನ ಕಾಯಿಲೆಯ ವೈರಾಣು ಮೊದಲು ಪತ್ತೆಯಾದದ್ದು 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಹಾವಳಿ ಬೇಸಿಗೆ ಮುಗಿಯುವವರೆಗೂ ಇರುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಈ ಕಾಯಿಲೆಯಿಂದ ಕಂಡ ಸಾವುಗಳನ್ನು ಇಲ್ಲಿನ ಯಾರೂ ಮರೆತಿಲ್ಲ. ಮನೆಯ ಹಿತ್ತಲಿನ ಮಾವು, ತೋಟದ ಬಾಳೆ, ಅಡಿಕೆ ಇವೇ ಅಲಂಕಾರಕ್ಕೆ ಧಾರಾಳವಾಗಿ ಸಾಕು. ಕಾಡಂಚಿಗೆ ಹೋಗಲೇಬೇಕಾದ ದೊಡ್ಡವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಲಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಲಿ. ತರಗೆಲೆಯ ರಾಶಿಯ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುವುದನ್ನಂತೂ ಬಿಡಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ನ್ಯೂಜೆರ್ಸಿಯ ಅತ್ತೆ:
ದೂರದಿಂದ ಒಂದು ತಕರಾರು. ನಮ್ಮ ಮಕ್ಕಳ ಶಾಲೆ ಮುಗಿಯುವುದೇ ಜೂನ್ ಮೂರನೇ ವಾರದ ಹೊತ್ತಿಗೆ. ನಾವು ಊರು ಮುಟ್ಟುವಾಗ ಅಲ್ಲಿ ಮಳೆ ಹಿಡಿದಿರುತ್ತದೆ, ಅಲ್ಲಿನ ಮಕ್ಕಳ ಶಾಲೆ ಮೇ ಕೊನೆಗೇ ಶುರುವಾಗಿರುತ್ತದೆ. ಆದ್ದರಿಂದ ಹನ್ನೊಂದು ವರ್ಷಗಳಿಂದ ನನ್ನ ಮಗಳು ತನ್ನ ಸೋದರ ಸಂಬಂಧಿಗಳನ್ನು ಒಟ್ಟಿಗೆ ನೋಡಿಲ್ಲ. ಇಲ್ಲಿ ನಾವು ಕೆಲವು ಕನ್ನಡ ಕುಟುಂಬದವರು ಜುಲೈ ನಾಲ್ಕರ ರಜೆಗೆ ಉದ್ಯಾನದ ಒಂದು ಚಪ್ಪರವನ್ನು ಮೊದಲೇ ಕಾಯ್ದಿರಿಸಿ ಸೇರುತ್ತೇವೆ. ಮಾವಿನ ಎಲೆ ಭಾರತೀಯ ಅಂಗಡಿಯಲ್ಲಿ ಸಿಕ್ಕರೂ ಒಣಗಿರುತ್ತದೆ. ಹಾಗಾಗಿ ಮಕ್ಕಳು ಹಸಿರು ಕಾಗದವನ್ನು ಎಲೆಯ ಆಕಾರಕ್ಕೆ ಕತ್ತರಿಸಿ, ನಡುವೆ ನರ ಕಾಣುವಂತೆ ಮಡಚಿ, ದಾರಕ್ಕೆ ಅಂಟಿಸುತ್ತಾರೆ. ಕಂಬಕ್ಕೆ ಮೊಳೆ ಹೊಡೆಯುವಂತಿಲ್ಲ, ಸಂಜೆ ಹೊರಡುವಾಗ ಒಂದು ಚೂರೂ ಉಳಿಯದಂತೆ ತೆಗೆಯಬೇಕು. ನಿಮ್ಮಲ್ಲಿ ಮರ ಹಿತ್ತಲಲ್ಲೇ ಇದ್ದೂ ಅಂಗಡಿಯಿಂದ ಪ್ಲಾಸ್ಟಿಕ್ ತೋರಣ ತರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ನಿಜ ಹೇಳುತ್ತೇನೆ.

ಕೊನೆಯ ಸೀಟು:
ಪ್ರಯಾಣದ ಬಗ್ಗೆ ನಾಲ್ಕು ಮಾತು. ಬೆಂಗಳೂರಿನಿಂದ ಸಾಗರ ಸುಮಾರು 360 ಕಿ.ಮೀ, ಶುಕ್ರವಾರ ಕಚೇರಿ ಮುಗಿಸಿ ಕಾರಿನಲ್ಲಿ ಹೊರಟರೆ ನಡುರಾತ್ರಿ ದಾಟಿ ಮುಟ್ಟಿ, ಶನಿವಾರವೆಲ್ಲ ತೂಕಡಿಸುತ್ತೀರಿ. ಮೈಸೂರಿನಿಂದ ಬೆಂಗಳೂರಿನ ಮೂಲಕ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ನಿಮ್ಮ ಸಾಗರ ಜಂಬಗಾರಿನಲ್ಲಿ ನಿಲ್ಲುತ್ತದೆ. 2024ರ ನವೆಂಬರ್‌ನಿಂದ ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿದ್ದಾರೆ. ಹಾಗಾಗಿ ಮಾರ್ಚ್ ಎರಡನೇ ವಾರದಲ್ಲಿ ಒಬ್ಬರು ಈ ಒಂದು ಕೆಲಸವನ್ನು ಹೊತ್ತುಕೊಂಡು ಬೆಳಿಗ್ಗೆ ಎಂಟಕ್ಕೇ ಕೂರಬೇಕು. ತತ್ಕಾಲ್ ನಂಬಿ 20 ಜನರನ್ನು ಹೊರಡಿಸುವ ಸಾಹಸ ಬೇಡ. ಬಸ್ಸಾದರೆ, ಸಾರಿಗೆ ನಿಗಮದಲ್ಲಿ ನಾಲ್ಕು ಅಥವಾ ಹೆಚ್ಚು ಜನರಿಗೆ ಒಂದೇ ಟಿಕೆಟಿನಲ್ಲಿ ಕಾಯ್ದಿರಿಸಿದರೆ ಶೇ 5, ಹೋಗಿಬರುವುದನ್ನು ಒಟ್ಟಿಗೆ ಮಾಡಿದರೆ ಬರುವ ಪ್ರಯಾಣಕ್ಕೆ ಶೇ 10 ರಿಯಾಯಿತಿ ಕೊಡುತ್ತಾರೆ.

ಇನ್ನು ಜೋಗ. ಮೇ ತಿಂಗಳಲ್ಲಿ 253 ಮೀಟರ್ ಎತ್ತರದ ಬಂಡೆಯನ್ನು ನೋಡಲು 42 ಜನರನ್ನು ಬಿಸಿಲಿನಲ್ಲಿ ಕರೆದೊಯ್ಯುವುದು ಬೇಡವೆಂದು ಕೈಮುಗಿದು ಹೇಳುತ್ತೇನೆ. ಶರಾವತಿಯ ನೀರನ್ನು 1964ರಿಂದ ಲಿಂಗನಮಕ್ಕಿಯಲ್ಲಿ ತಡೆದಿರುವುದರಿಂದ ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಬಡಕಲಾಗಿರುತ್ತಾರೆ. ಅದರ ಬದಲು ಬೆಳಿಗ್ಗೆ ಏಳಕ್ಕೆ ಇಕ್ಕೇರಿಗೆ ಹೋಗಿ. ಅಘೋರೇಶ್ವರ ದೇವಸ್ಥಾನದ ಕಲ್ಲು ಆ ಹೊತ್ತಿಗೆ ತಣ್ಣಗಿರುತ್ತದೆ, ಎದುರಿನ ದೊಡ್ಡ ನಂದಿಯ ಕಾಲಿನ ಸಂದಿಯಲ್ಲಿ ಮಕ್ಕಳು ನುಸುಳುವುದನ್ನು ನೋಡುತ್ತಾ ಅಜ್ಜಿ ಜಗಲಿಯ ಮೇಲೆ ಕೂರಬಹುದು. ಅಲ್ಲಿಂದ ಕೆಳದಿಯೂ ಹತ್ತಿರವೇ; ಚಾವಣಿಯ ಗಂಡಭೇರುಂಡವನ್ನು ಮೊದಲು ಕಂಡುಹಿಡಿದ ಮಗುವಿಗೆ ಒಂದು ಐಸ್‌ಕ್ಯಾಂಡಿ ಎಂದರೆ ಮುಗಿಯಿತು. ಹಿರಿಯರಿಗೆ ಸಿಗಂದೂರಿಗೆ ಹೋಗುವ ಆಸೆಯಿದ್ದರೆ, 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ತಾಪತ್ರಯ ತಪ್ಪಿದೆ. ಲಾಂಚಿನ ಮೇಲೆ ಗಾಳಿಗೆ ನಿಲ್ಲುವ ಸುಖವೂ ತಪ್ಪಿತು ಎಂದು ನನ್ನಂಥವರು ಗೊಣಗುತ್ತೇವೆ, ಅದು ಬೇರೆ ಮಾತು.

ಲೆಕ್ಕದ ಮನುಷ್ಯ:
ಎಲ್ಲವನ್ನೂ ಒಪ್ಪಿದರೂ ಮಂಡಿನೋವಿನ ಹಿರಿಯರ ಪ್ರಶ್ನೆ ಹಾಗೆಯೇ ಉಳಿದಿದೆ. ಅವರು ನೆಲದ ಮೇಲೆ ಮಲಗಲಾರರು, ಕುಕ್ಕರುಗಾಲಿನಲ್ಲಿ ಕೂರಲಾರರು. ನಿಮ್ಮ ತೋರಣಕ್ಕಿಂತ ಒಂದು ಕಮೋಡು ಅವರಿಗೆ ಹೆಚ್ಚು ಹಬ್ಬ. ನಾನು ಈಗಲೂ ರೆಸಾರ್ಟಿನ ಪಕ್ಷವೇ.

ಜಂಬಗಾರು ಮೊಮ್ಮಗ:
ಹಿರಿಯರು ಆರು ಜನರಿದ್ದಾರೆ. ಅವರಿಗೆ ಸಾಗರ ಪೇಟೆಯಲ್ಲಿ ಲಿಫ್ಟ್ ಇರುವ ವಸತಿಗೃಹದಲ್ಲಿ ಮೂರು ಕೋಣೆ ಹಿಡಿಯುವುದೆಂದೂ, ಶುಕ್ರವಾರ ಸಂಜೆಗೇ ಒಂದು ಟ್ಯಾಂಕರ್ ನೀರು ತರಿಸುವುದೆಂದೂ ಅಣ್ಣನ ಜೊತೆ ಮಾತಾಡಿದೆ. ಅವನು ಪೂರ್ತಿ ಒಪ್ಪಿಲ್ಲ, ಆದರೆ ರೆಸಾರ್ಟಿಗೆ ಮುಂಗಡ ಕಳಿಸುವುದನ್ನು ನಿಲ್ಲಿಸಿದ್ದಾನೆ. ಫ್ಲೆಕ್ಸ್ ಕೈಬಿಟ್ಟೆವು, ಹಸೆಗೋಡೆಯವರ ಸಲಹೆಯಂತೆ ಬುಟ್ಟಿ ಬರೆಸುತ್ತೇವೆ. ಅತ್ತೆಯವರ ಮಾತು ಕೇಳಿ, ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಕ್ಕಳಿಗೆ ಕಾಗದದ ಎಲೆಗಳನ್ನು ಮಾಡಿ ಅಂಚೆಯಲ್ಲಿ ಕಳಿಸಲು ಹೇಳಿದ್ದೇನೆ, ಅವನ್ನೂ ಹಿತ್ತಲ ಎಲೆಯ ನಡುವೆ ಪೋಣಿಸುವುದು. ಒಂದು ಸಂದೇಹ ಉಳಿದಿದೆ: ತೋರಣವನ್ನು ಶುಕ್ರವಾರ ರಾತ್ರಿಯೇ ಕಟ್ಟಿದರೆ ಭಾನುವಾರದವರೆಗೆ ತಡೆಯುತ್ತದೆಯೇ?

ತೋಟದ ಸೊಸೆ:
ಮಾವಿನ ಎಲೆ ತಡೆಯುತ್ತದೆ. ಚಿಗುರೆಲೆ ಬೇಡ, ಬಾಡಿ ಜೋತುಬೀಳುತ್ತದೆ. ಬಲಿತ ಎಲೆಯನ್ನೇ ಕೊಯ್ಯಿರಿ. ತೊಟ್ಟಿನ ಕಡೆಯನ್ನು ಬಾಳೆನಾರಿನ ಹುರಿಯ ಮೇಲೆ ಮಡಚಿ, ಎರಡು ಪದರವನ್ನೂ ಸೇರಿಸಿ ಬೆರಳುದ್ದದ ತೆಂಗಿನ ಕಡ್ಡಿಯಿಂದ ಚುಚ್ಚಿದರೆ ಗಾಳಿಗೂ ಕಳಚುವುದಿಲ್ಲ. ಬಾಳೆನಾರನ್ನು ಮೊದಲು ನೀರಿನಲ್ಲಿ ನೆನೆಸಿಡಬೇಕು, ಒಣಗಿದ್ದರೆ ಬಿಗಿಯುವಾಗ ಕಡಿಯುತ್ತದೆ. ತೆಂಗಿನ ಎಳೆಗರಿಯ ಗಿಳಿ, ಜಡೆಗಳನ್ನು ಮಾತ್ರ ಶನಿವಾರ ನಸುಕಿನಲ್ಲಿ ಹೆಣೆಯಿರಿ, ಬಿಸಿಲೇರಿದರೆ ಅಂಚು ಮುದುರುತ್ತದೆ. ಸಿಂಗಾರವನ್ನು ಅದರ ಅಡಿಕೆ ಹಾಳೆಯೊಳಗೇ ಇಟ್ಟು ಕೊನೆ ಗಳಿಗೆಯಲ್ಲಿ ಬಿಡಿಸಿ. ಇಷ್ಟೆಲ್ಲ ಹೇಳಿಕೊಟ್ಟದ್ದಕ್ಕೆ ಒಂದು ಪ್ರಶ್ನೆ: ಕೆಲಸ ಹಂಚಿದ ಪಟ್ಟಿಯನ್ನು ಮಾಡಿದ್ದೀರಷ್ಟೆ, ಅದರಲ್ಲಿ ನಿಮ್ಮ ಹೆಸರು ಎಲ್ಲಿದೆ?

ಜಂಬಗಾರು ಮೊಮ್ಮಗ:
ಪಟ್ಟಿಯನ್ನು ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದ್ದೆ. "ಎಲ್ಲ ಸರಿ, ಎಲ್ಲರೂ ಹೋದ ಮೇಲೆ ಅಂಗಳ ಗುಡಿಸುವವರು ಯಾರೆಂದು ಬರೆದಿಲ್ಲವಲ್ಲ" ಎಂದರು. ಅಲ್ಲಿದೆ ನನ್ನ ಹೆಸರು. ಸೋಮವಾರ ರಜೆ ಹಾಕಿದ್ದೇನೆ.