ಸೈಜುಗಲ್ಲಿನ ಗೋಡೆಗೆ ಡ್ರಿಲ್ ಇಳಿಯುತ್ತಿಲ್ಲ, ಗೀಸರ್ ಹಾಕುವುದು ಹೇಗೆ?

ಪ್ರಶ್ನೆ (ಬಸವನಹಳ್ಳಿ, ಚಿಕ್ಕಮಗಳೂರು)
ಹಳೇ ಮನೆ. ಸೈಜುಗಲ್ಲಿನ ಗೋಡೆ, ಮೇಲೆ ಸಿಮೆಂಟ್ ಪ್ಲಾಸ್ಟರ್. ಬಚ್ಚಲುಮನೆಗೆ 15 ಲೀಟರ್ ಗೀಸರ್ ಹಾಕಬೇಕು. ಇರೋದು 600 ವ್ಯಾಟ್‌ನ ಇಂಪ್ಯಾಕ್ಟ್ ಡ್ರಿಲ್. ಪ್ಲಾಸ್ಟರ್ ದಾಟಿದ ಮೇಲೆ ಬಿಟ್ ಕಾದು ನೀಲಿ ಆಗುತ್ತೆ, ಮುಂದೆ ಹೋಗಲ್ಲ. ಕೆಲವು ಕಡೆ ಮಾತ್ರ ಸಲೀಸಾಗಿ ಇಳಿಯುತ್ತೆ. ಅಲ್ಲೇ ಫಾಸ್ಟನರ್ (ತೂತಿನೊಳಗೆ ಅಗಲಿ ಹಿಡಿಯೋ ಬೋಲ್ಟ್) ಕೂರಿಸಬಹುದಾ? ಇನ್ನೊಂದು, ಶೆಲ್ಫಿಗೆ ಸಿಲ್ವರ್ ಓಕ್ ಹಲಗೆ ಕುಯ್ಯಬೇಕು. 4 ಇಂಚಿನ ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕಿದರೆ ನಡೆಯುತ್ತಾ?

ಉತ್ತರ (ಅರಸೀಕೆರೆ)
ಸಲೀಸಾಗಿ ಇಳಿದ ಜಾಗ ಕಲ್ಲಲ್ಲ ಸರ್, ಎರಡು ಕಲ್ಲಿನ ನಡುವಿನ ಸಂದು. ಅಲ್ಲಿ ಫಾಸ್ಟನರ್ ಬೇಡವೇ ಬೇಡ. ನೀರು ತುಂಬಿದ 15 ಲೀಟರ್ ಗೀಸರ್ ಹೆಚ್ಚುಕಮ್ಮಿ 25 ಕೆ.ಜಿ. ತೂಗುತ್ತೆ. ಹಳೇ ಗಾರೆ ಅಥವಾ ಮಣ್ಣಿನ ಸಂದಿನಲ್ಲಿ ಬೋಲ್ಟ್ ಬಿಗಿ ಮಾಡಿದಷ್ಟೂ ಸುತ್ತಲಿನದು ಪುಡಿಯಾಗುತ್ತೆ. ಬಿಟ್ಟಿನ ಜೊತೆ ಹೊರಗೆ ಬರೋ ಪುಡಿ ನೋಡಿ: ಬೂದು-ಬಿಳಿ ನುಣುಪು ಪುಡಿ ಬಂದರೆ ಕಲ್ಲು, ಕೆಂಪು ಅಥವಾ ಉದುರುದುರು ಮರಳು ಬಂದರೆ ಸಂದು.

ಇಂಪ್ಯಾಕ್ಟ್ ಡ್ರಿಲ್ಲಿನೊಳಗೆ ಹಲ್ಲಿನ ಎರಡು ಚಕ್ರ ಉಜ್ಜಿ ಸಣ್ಣ ಸಣ್ಣ ಪೆಟ್ಟು ಕೊಡುತ್ತವೆ. ಇಟ್ಟಿಗೆಗೆ ಅದು ಸಾಕು, ನಿಮ್ಮ ಸೈಜುಗಲ್ಲಿನಂಥ ಗ್ರಾನೈಟಿಗೆ ಸಾಲದು. ನೀವು ಒತ್ತಿದಷ್ಟೂ ಬಿಟ್ ಉಜ್ಜಿ ಉಜ್ಜಿ ಕಾದು ಮೊಂಡಾಗುತ್ತೆ, ಅಷ್ಟೇ. ಎಸ್‌ಡಿಎಸ್ ಪ್ಲಸ್ (ಬಿಟ್ ತಳ್ಳಿದರೆ ತಾನೇ ಕಚ್ಚಿಕೊಳ್ಳೋ ಬಗೆಯ) ರೋಟರಿ ಹ್ಯಾಮರ್ ಬೇಕು. ಅದರಲ್ಲಿ ಗಾಳಿಯ ಒತ್ತಡದಿಂದ ಪಿಸ್ಟನ್ನೇ ಬಲವಾಗಿ ಹೊಡೆಯುತ್ತೆ. ಒಂದು ದಿನದ ಕೆಲಸಕ್ಕೆ ಹೊಸದು ಕೊಳ್ಳೋ ಬದಲು ಬಾಡಿಗೆಗೆ ವಿಚಾರಿಸಿ, ಬಿಟ್ ಮಾತ್ರ ಹೊಸದೇ ತಗೊಳ್ಳಿ.

ಟೈಲ್ಸ್ ಇದ್ದರೆ ಮೊದಲು ಮಷಿನ್‌ನ ಪೆಟ್ಟು ಕೊಡೋ ಹ್ಯಾಮರ್ ಮೋಡ್ ಆಫ್ ಮಾಡಿ, ಟೈಲ್ ಬಿಟ್‌ನಲ್ಲಿ ನಿಧಾನವಾಗಿ ತೂತು ಮಾಡಿ. ಟೈಲ್ಸ್ ದಾಟಿದ ಮೇಲಷ್ಟೇ ಹ್ಯಾಮರ್. 6 ಮಿ.ಮೀ. ಬಿಟ್‌ನಿಂದ ಶುರು ಮಾಡಿ, ಆಮೇಲೆ ಫಾಸ್ಟನರ್‌ನ ಹೊರವ್ಯಾಸದಷ್ಟೇ ಬಿಟ್. ಅದು 10 ಇದ್ದರೆ ಬಿಟ್ಟೂ 10. ಆಳ ಫಾಸ್ಟನರ್‌ಗಿಂತ 10 ಮಿ.ಮೀ. ಹೆಚ್ಚಿರಲಿ, ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡ್ಕೊಳ್ಳಿ. ಆಗಾಗ ಹೊರಗೆ ಎಳೆದು ಪುಡಿ ತೆಗೆದು ಆರಲು ಬಿಡಿ. ಕಾದ ಬಿಟ್ ನೀರಿಗೆ ಅದ್ದಬೇಡಿ, ತುದಿಯ ಕಾರ್ಬೈಡ್ ಸೀಳುತ್ತೆ. ಕೊನೆಗೆ ತೂತಿನ ಪುಡಿ ಪೂರ್ತಿ ಊದಿ ತೆಗೆಯಿರಿ, ಇಲ್ಲದಿದ್ದರೆ ಫಾಸ್ಟನರ್ ಹಿಡಿತ ಸಿಗದೆ ಜಾರುತ್ತೆ. ಗ್ರಾನೈಟ್ ದೂಳಿನಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಮತ್ತು ಕನ್ನಡಕ ಹಾಕಿ.

ಉತ್ತರ (ಸಕಲೇಶಪುರ)
ಗ್ರೈಂಡರ್‌ಗೆ ಹಲ್ಲಿನ ಮರದ ಬ್ಲೇಡ್ ದಯವಿಟ್ಟು ಹಾಕಬೇಡಿ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. ಹಲ್ಲು ಒಂದು ಗಂಟಿಗೆ ಸಿಕ್ಕಿತೋ, ಮಷಿನ್ ಕೈ ಬಿಡಿಸಿಕೊಂಡು ನಿಮ್ಮ ಕಡೆಗೇ ಹಾರುತ್ತೆ. ಗಾರ್ಡ್ ತೆಗೆದು ಹಾಕೋರಂತೂ ಬೆರಳನ್ನೇ ಪಣಕ್ಕಿಟ್ಟ ಹಾಗೆ. ಸರ್ಕ್ಯುಲರ್ ಸಾ ಬಳಸಿ, ಇಲ್ಲವೇ ಮರದ ಮಿಲ್ಲಿನಲ್ಲೇ ಅಳತೆಗೆ ಕುಯ್ಯಿಸಿ. ಮಳೆಗಾಲದ ಸಿಲ್ವರ್ ಓಕ್‌ನಲ್ಲಿ ತೇವ ಇರುತ್ತೆ, ಕುಯ್ದ ಸೀಳು ಮುಚ್ಚಿಕೊಂಡು ಬ್ಲೇಡ್ ಹಿಡಿಯುತ್ತೆ. ಒಣಗಿದ ಮೇಲೆ ಕುಯ್ಯಿರಿ.

ಪ್ರಶ್ನೆ ಕೇಳಿದವರು
ಗೀಸರಿನ ಎರಡು ಕೊಕ್ಕೆಯಲ್ಲಿ ಒಂದು ಸಂದಿಗೇ ಬರುತ್ತೆ. ಏನು ಮಾಡೋದು?

ಉತ್ತರ (ಹಾಸನ)
40×5 ಮಿ.ಮೀ. ಕಬ್ಬಿಣದ ಪಟ್ಟಿ ತಗೊಂಡು, ಕಲ್ಲು ಸಿಕ್ಕ ಕಡೆಯೇ ಅದನ್ನು ಬಿಗಿದು, ಗೀಸರ್ ಅಳತೆಗೆ ಸರಿಯಾಗಿ ಪಟ್ಟಿಯ ಮೇಲೆ ಕೊಕ್ಕೆ ವೆಲ್ಡ್ ಮಾಡಿಸಿ. ರೆಡ್ ಆಕ್ಸೈಡ್ (ತುಕ್ಕು ತಡೆಯೋ ಬಣ್ಣ) ಬಳಿಯದಿದ್ದರೆ ಬಚ್ಚಲಿನ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತೆ. ಕಲ್ಲಿನ ಅಂಚಿಗೆ ತೀರಾ ಹತ್ತಿರ ತೂತು ಮಾಡಬೇಡಿ, ಬಿಗಿ ಮಾಡುವಾಗ ಚಕ್ಕೆ ಏಳುತ್ತೆ. 7 ಸೆಂ.ಮೀ. ಆದರೂ ಬಿಡಿ.

ಶುರು ಮಾಡೋ ಮುಂಚೆ ಬಚ್ಚಲಿನ ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯೋ ಸ್ವಿಚ್) ಇಳಿಸಿ. ಸ್ವಿಚ್ಚಿನ ನೇರ ಮೇಲೆ-ಕೆಳಗೆ ಪೈಪ್‌ನಲ್ಲಿ ವೈರ್ ಹೋಗಿರುತ್ತೆ, ನಲ್ಲಿಯ ನೇರಕ್ಕೆ ನೀರಿನ ಪೈಪ್. ಆ ಸಾಲು ಬಿಟ್ಟು ತೂತು ಮಾಡಿ. ಮಷಿನ್‌ಗೆ ಕರೆಂಟ್ ಬೇರೆ ಕೋಣೆಯಿಂದ, 1.5 ಚದರ ಮಿ.ಮೀ. ತಾಮ್ರದ ವೈರಿನ ಎಕ್ಸ್‌ಟೆನ್ಷನ್‌ನಲ್ಲಿ ತಗೊಳ್ಳಿ. ಸುರುಳಿ ಪೂರ್ತಿ ಬಿಚ್ಚಿರಬೇಕು, ಸುತ್ತಿದ್ದರೆ ವೈರೇ ಕಾಯುತ್ತೆ. ಸಂಜೆ ಹೊತ್ತು ವೋಲ್ಟೇಜ್ ಇಳಿದಾಗ ಮಷಿನ್‌ನ ಸುತ್ತು ಕಮ್ಮಿಯಾಗಿ ಒಳಗಿನ ಫ್ಯಾನ್ ಗಾಳಿಯೂ ಕಮ್ಮಿಯಾಗುತ್ತೆ, ಅದರ ಮೇಲೆ ಒತ್ತಿದರೆ ಕಾಯಿಲ್ ಸುಡುತ್ತೆ. ಬೆಳಗ್ಗೆಯೇ ಮಾಡಿ ಮುಗಿಸಿ.