ಸುಮಾಳ ಪ್ರಶ್ನೆಗೆ ದೊಡ್ಡಪ್ಪನ ಉತ್ತರ

ಸುಮಾ, ಸಂದರ್ಶನ ಹತ್ತಿರವಾಗಿದೆ, ಇಂಗ್ಲಿಷ್ ಪದಗಳೇ ಸಾಲುತ್ತಿಲ್ಲ, ಪಟ್ಟಿಯೊಂದನ್ನು ಹಿಡಿದು ಬಾಯಿಪಾಠ ಮಾಡಿಬಿಡಲೇ ಎಂದು ನೀನು ಆತಂಕದಿಂದ ಕೇಳಿರುವುದನ್ನು ಓದಿದೆ. ಬೇಡ ಮಗಳೇ. ಬರೀ ಅರ್ಥವನ್ನು ಓದಿಕೊಂಡು, ಎಲ್ಲಿಯೂ ಬಳಕೆಯಲ್ಲಿ ಕಂಡಿರದ ಪದವನ್ನು ನಾಲ್ಕು ಜನರ ಮುಂದೆ ಆಡಬೇಡ.

ನಮ್ಮ ರಘುವಿನ ಸಂಗತಿ ಹಿರಿಯರಿಗೆಲ್ಲ ಗೊತ್ತೇ ಇದೆ. ನನ್ನ ಕಚೇರಿಯಲ್ಲೇ ಇದ್ದ ಅವನಿಗೆ ಹೊಸ ಪದಗಳೆಂದರೆ ಪ್ರಾಣ. ಮೇಲಧಿಕಾರಿಯೊಬ್ಬರು ನಿವೃತ್ತರಾದಾಗ ಬೀಳ್ಕೊಡುಗೆಯ ಪತ್ರವನ್ನು ಬರೆಯುವ ಹೊಣೆ ಅವನ ಪಾಲಿಗೆ ಬಂದಿತು. ಅವರ ಉಪಕಾರಬುದ್ಧಿಯನ್ನು ಹೊಗಳಲು ಘನವಾದ ಪದ ಬೇಕೆಂದು ಯಾವುದೋ ಹಳೆಯ ನಿಘಂಟನ್ನು ತಿರುವಿಹಾಕಿ, ‘ಅಫಿಷಿಯಸ್’ (officious) ಎಂದು ಬರೆದು, ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಿದ. ಇಂದಿನ ಇಂಗ್ಲಿಷಿನಲ್ಲಿ ಅದು ಯಾರೂ ಕರೆಯದಿದ್ದರೂ ಮೂಗು ತೂರಿಸಿ ದರ್ಪ ತೋರುವವರಿಗೆ ಅನ್ವಯಿಸುವ ಮಾತು. ಅಧಿಕಾರಿ ಮುಖ ಬಿಗಿದುಕೊಂಡು ಕುಳಿತರು. ಹಿಂದಿನ ಸಾಲಿನವರು ನಕ್ಕರು.

ನನಗೆ ಇಂದಿಗೂ ಸಂಕಟವಾಗುವುದು ಆ ನಗುವನ್ನು ನೆನೆದಾಗ. 1755ರಲ್ಲಿ ಇಂಗ್ಲೆಂಡಿನ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಹೊರತಂದ ಇಂಗ್ಲಿಷ್ ನಿಘಂಟಿನಲ್ಲಿ ಈ ಪದಕ್ಕೆ ‘ಉಪಕಾರ ಮಾಡುವ’ ಎಂಬ ಒಳ್ಳೆಯ ಅರ್ಥವೇ ಮೊದಲು ಇದೆ. ಕಾಲ ಕಳೆದಂತೆ ಆ ಅರ್ಥ ಸವೆದು ಕೆಟ್ಟದ್ದು ಉಳಿಯಿತು. ನಕ್ಕವರಲ್ಲಿ ಒಬ್ಬರಾದರೂ ಇದನ್ನು ಅವನಿಗೆ ತಿಳಿಸಿ ಹೇಳಲಿಲ್ಲ. ಅಂದಿನಿಂದ ಅವನು ಇಂಗ್ಲಿಷಿನಲ್ಲಿ ಬರೆಯುವುದನ್ನೇ ಬಿಟ್ಟ. ಆದ್ದರಿಂದಲೇ ಮತ್ತೆ ಹೇಳುತ್ತಿದ್ದೇನೆ, ಬಳಕೆಯಲ್ಲಿ ಕಾಣದ ಪದವನ್ನು ಆಡಬೇಡ.

ನಮ್ಮ ಮನೆಯವರೆಲ್ಲ ಸಂದೇಶ ಕಳುಹಿಸುವ ಈ ಮೊಬೈಲ್ ಗುಂಪಿನಲ್ಲಿಯೂ ಪ್ರತಿದಿನ ಬೆಳಿಗ್ಗೆ ‘ಇಂದಿನ ಪದ’ ಎಂದು ಚಿತ್ರಗಳು ಬರುತ್ತವೆ. ಪದದ ಪಕ್ಕದಲ್ಲಿ ಒಂದು ಅರ್ಥ, ಅಷ್ಟೇ. ಜೊತೆಗೆ ಒಂದು ವಾಕ್ಯವನ್ನಾದರೂ ಹಾಕಿ ಎಂದು ನಾನು ಹಲವು ಸಲ ಕೇಳಿಕೊಂಡರೂ ಹೆಬ್ಬೆರಳಿನ ಚಿಹ್ನೆಯ ಹೊರತು ಉತ್ತರವಿಲ್ಲ. ಮಕ್ಕಳು ಅದನ್ನೇ ಕಲಿಕೆಯೆಂದು ನಂಬುತ್ತಿರುವುದು ನನಗೆ ನಿಜವಾಗಿಯೂ ನೋವು ತರುತ್ತದೆ.

ಸುಮಾ, ನೀನು ಕೇಳಿದ್ದು ಏನು ಮಾಡಬೇಕೆಂದು. ಅದನ್ನೇ ಹೇಳದೆ ಉಳಿದೆ. ನಿನ್ನ ಕೆಲಸಕ್ಕೆ ಸಂಬಂಧಿಸಿದ ಲೇಖನಗಳನ್ನು ಓದುತ್ತಾ, ಹೊಸ ಪದ ಕಂಡಾಗ ಅದಿರುವ ಇಡೀ ವಾಕ್ಯವನ್ನೇ ಬರೆದುಕೊ. ಇಂದಿನ ನಿಘಂಟಿನಲ್ಲಿ ಅರ್ಥವನ್ನು ನೋಡು. ಅದು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನೂ ಗಮನಿಸು. ಆಮೇಲೆ ನಿನ್ನದೇ ಒಂದು ವಾಕ್ಯ ಕಟ್ಟು. ಮರುದಿನ, ನಂತರ ನಾಲ್ಕು ದಿನ ಬಿಟ್ಟು, ನಂತರ ವಾರ ಬಿಟ್ಟು, ಪುಸ್ತಕ ಮುಚ್ಚಿ ನೆನಪಿಸಿಕೊ. ಬರೆದ ವಾಕ್ಯಗಳನ್ನು ನನಗೆ ಕಳುಹಿಸು, ರಾತ್ರಿ ಊಟದ ನಂತರ ನೋಡಿ ತಿದ್ದಿಕೊಡುತ್ತೇನೆ.